ಹೆಸರಿಗೆಷ್ಟು, ಆಟಕ್ಕೆಷ್ಟು? ವಿಡಿಯೊ ಗೇಮ್ ಮಾರುವವರಿಗೆ ಒಂದು ಬಹಿರಂಗ ಪತ್ರ



ಈ ಪತ್ರ ಆಟ ಕಟ್ಟುವವರಿಗಲ್ಲ. ಕೋಡ್ ಬರೆಯುವವರು, ಚಿತ್ರ ಬಿಡಿಸುವವರು, ಬಿಡುಗಡೆಯ ಹಿಂದಿನ ರಾತ್ರಿಯವರೆಗೂ ದೋಷ ಹುಡುಕುತ್ತ ಕೂರುವವರು ನಿಮ್ಮ ಕಂಪನಿಗಳಲ್ಲಿ ಬೇರೆಯೇ ಇದ್ದಾರೆ, ಅವರ ಮೇಲೆ ನನಗೆ ಗೌರವವಿದೆ. ಯಾವ ಸಿನಿಮಾದ ಹೆಸರು ಕೊಳ್ಳಬೇಕು, ಯಾವ ಲೀಗಿನ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕು, ಟ್ರೇಲರ್ ಯಾವಾಗ ಬಿಡಬೇಕು, ಯಾವ ಯೂಟ್ಯೂಬರ್‌ಗೆ ಎಷ್ಟು ಕೊಡಬೇಕು ಎಂದು ತೀರ್ಮಾನಿಸುವವರು ನೀವು. ನಿಮಗೇ ಬರೆಯುತ್ತಿದ್ದೇನೆ.

ನನಗೆ ಜಾಹೀರಾತಿನ ಮೇಲೆ ಹಗೆಯಿಲ್ಲ. ಒಳ್ಳೆಯ ಆಟ ಬಂದಿದೆ ಎಂದು ಯಾರಾದರೂ ಹೇಳದಿದ್ದರೆ ನಮಗೆ ತಿಳಿಯುವುದಾದರೂ ಹೇಗೆ? ಲೈಸೆನ್ಸ್ ಮೇಲೂ ಹಗೆಯಿಲ್ಲ. ಮೆಚ್ಚಿದ ತಂಡವನ್ನು ಅದರ ಹೆಸರಿನಲ್ಲೇ, ಅದರ ಜೆರ್ಸಿಯಲ್ಲೇ ಆಡಿಸುವ ಖುಷಿ ನನಗೂ ಬೇಕು. ನನ್ನ ತಕರಾರು ಒಂದೇ. ಆಟ ಹೇಗಿದೆ ಎಂದು ಯಾರೂ ನೋಡುವ ಮೊದಲೇ ಕೊಳ್ಳುವ ನಿರ್ಧಾರ ಮುಗಿದುಹೋಗಬೇಕು, ನಿಮ್ಮ ಕೈಯಲ್ಲಿ ಇವೆರಡೂ ಆ ಕೆಲಸಕ್ಕೇ ಬಳಕೆಯಾಗುತ್ತಿವೆ. ಆ ಖರ್ಚನ್ನು ಕೊನೆಗೆ ತೆರುವವರೂ ನಾವೇ.

ಇದು ಹೊಸ ಚಾಳಿಯಲ್ಲ. 1982ರ ಬೇಸಿಗೆಯಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ಅವರ 'ಇ.ಟಿ.' ಅಮೆರಿಕದ ಚಿತ್ರಮಂದಿರಗಳನ್ನು ತುಂಬಿಸುತ್ತಿತ್ತು. ವಿಡಿಯೊ ಗೇಮ್ ಮಾಡುತ್ತಿದ್ದ ಅಟಾರಿ ಕಂಪನಿಯ ಒಡೆತನ ಆಗ ವಾರ್ನರ್ ಕಮ್ಯುನಿಕೇಶನ್ಸ್ ಕೈಯಲ್ಲಿತ್ತು. ಆ ಹೆಸರಿನ ಆಟ ಮಾಡುವ ಹಕ್ಕಿಗೆ ವಾರ್ನರ್ ಕೊಟ್ಟದ್ದು 2 ಕೋಟಿ ಡಾಲರ್‌ಗೂ ಹೆಚ್ಚು ಎಂದು ಅಂದಿನಿಂದಲೂ ವರದಿಯಾಗಿದೆ. ಮಾತುಕತೆ ಮುಗಿಯುವ ಹೊತ್ತಿಗೆ ಜುಲೈ ಕೊನೆಯಾಗಿತ್ತು. ಕ್ರಿಸ್‌ಮಸ್ ಮಾರಾಟಕ್ಕೆ ಕಾರ್ಟ್ರಿಡ್ಜ್ ಅಂಗಡಿ ಮುಟ್ಟಬೇಕಾದರೆ ಸೆಪ್ಟೆಂಬರ್ ಆರಂಭಕ್ಕೆ ಆಟ ತಯಾರಾಗಬೇಕಿತ್ತು. ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬ ಪ್ರೋಗ್ರಾಮರ್‌ಗೆ ಸಿಕ್ಕಿದ್ದು ಐದು ವಾರ. ಮಾಮೂಲಿಯಾಗಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಅದು.

ಆಟದಲ್ಲಿ ಆಗಿದ್ದಿಷ್ಟು. ಆ ಪುಟ್ಟ ಅನ್ಯಗ್ರಹ ಜೀವಿ ಹಸಿರು ಬಯಲಿನಲ್ಲಿ ನಡೆಯುತ್ತಾ ನಡೆಯುತ್ತಾ ಗುಂಡಿಗೆ ಬೀಳುತ್ತದೆ. ಮೇಲೆ ಬರಬೇಕಾದರೆ ಕತ್ತು ಉದ್ದ ಮಾಡಿ ತೇಲಬೇಕು. ತೇಲಿ ಅಂಚಿಗೆ ಬಂದು ಜಾಯ್‌ಸ್ಟಿಕ್ ಒಂದು ಕೂದಲೆಳೆ ಆಚೀಚೆ ಆದರೆ ಮತ್ತೆ ಅದೇ ಗುಂಡಿಗೆ. ತಾನೇಕೆ ಬಿದ್ದೆ ಎಂದು ಮಗುವಿಗೆ ಅರ್ಥವಾಗುವುದಿಲ್ಲ, ಪಕ್ಕದಲ್ಲಿ ಕೂತ ಅಪ್ಪನಿಗೂ ಅರ್ಥವಾಗುವುದಿಲ್ಲ. ಆದರೂ 15 ಲಕ್ಷದಷ್ಟು ಪ್ರತಿಗಳು ಮಾರಾಟವಾದವು. ನಾನು ಬೆರಳಿಟ್ಟು ತೋರಿಸಬೇಕೆಂದಿರುವುದು ಈ ಸಂಖ್ಯೆಯನ್ನೇ. 'ಇ.ಟಿ.' ಆಟ ಸೋತ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದು ಸೋಲುವ ಮುನ್ನ ಅಷ್ಟೊಂದು ಮನೆಗಳಿಗೆ ಹೇಗೆ ಹೊಕ್ಕಿತು ಎಂದು ಕೇಳುವವರು ಕಡಿಮೆ. ಡಬ್ಬದ ಮೇಲಿನ ಚಿತ್ರ, ಸಿನಿಮಾದ ಹೆಸರು, ಟಿವಿಯಲ್ಲಿ ಹಬ್ಬದ ಜಾಹೀರಾತು, ಇಷ್ಟೇ ಸಾಕಾಗಿತ್ತು. ಮಾರಾಟವಾಗದೆ ಉಳಿದ, ಅಂಗಡಿಗಳಿಂದ ವಾಪಸಾದ ಸರಕನ್ನು ಅಟಾರಿ 1983ರ ಸೆಪ್ಟೆಂಬರಿನಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತಿತು. 2014ರ ಏಪ್ರಿಲ್‌ನಲ್ಲಿ ಆ ಗುಂಡಿ ಅಗೆದಾಗ 'ಇ.ಟಿ.' ಕಾರ್ಟ್ರಿಡ್ಜ್‌ಗಳು ಬೇರೆ ಆಟಗಳ ಜೊತೆ ನಿಜವಾಗಿಯೂ ಸಿಕ್ಕವು.

ವಾರ್ಷಾ ಅವರನ್ನು ದೂರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದೇ ಮನುಷ್ಯ ಅದಕ್ಕೆ ಮೊದಲು 'ಯಾರ್ಸ್ ರಿವೆಂಜ್' ಮಾಡಿದ್ದವರು, ಅದನ್ನು ಜನ ಇಂದಿಗೂ ಮೆಚ್ಚಿ ಆಡುತ್ತಾರೆ. ಐದು ವಾರದ ಗಡುವು ಹಾಕಿದವರು ಅವರಲ್ಲ, ನಿಮ್ಮ ಕುರ್ಚಿಯಲ್ಲಿ ಅಂದು ಕೂತಿದ್ದವರು. ಹೆಸರಿಗೆ ಕೊಟ್ಟ ಹಣ ಹಬ್ಬದೊಳಗೆ ಹಿಂದಿರುಗಬೇಕಿತ್ತು, ಆದ್ದರಿಂದ ಆಟಕ್ಕೆ ಸಮಯ ಸಿಗಲಿಲ್ಲ.

ಸಮಯ ಕೊಟ್ಟಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತಿಲ್ಲದೆ ಇಲ್ಲ. 'ಗೋಲ್ಡನ್ ಐ' ಜೇಮ್ಸ್ ಬಾಂಡ್ ಚಿತ್ರ ಬಂದದ್ದು 1995ರಲ್ಲಿ, ರೇರ್ ಸಂಸ್ಥೆ ಅದೇ ಹೆಸರಿನ ಆಟ ತಂದದ್ದು 1997ರಲ್ಲಿ. ಚಿತ್ರದ ಬಿಸಿ ಆರಿತ್ತು, ಆಟ ಮಾತ್ರ ಪಕ್ವವಾಗಿತ್ತು. 80 ಲಕ್ಷದಷ್ಟು ಪ್ರತಿಗಳು ಹೋದವು. ಹೆಸರು ಸಾಲ ತಂದದ್ದಾದರೂ ಆಟ ಸ್ವಂತದ್ದಾಗಿರಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಕ್ರೀಡಾ ಆಟಗಳ ವಿಷಯಕ್ಕೆ ಬರುತ್ತೇನೆ. ಹೆಸರನ್ನು ಕೊಳ್ಳುವುದು ಒಂದು ಮಾತು, ಮತ್ತೊಬ್ಬರಿಗೆ ಸಿಗದಂತೆ ಕೊಳ್ಳುವುದು ಇನ್ನೊಂದು ಮಾತು. ಅಮೆರಿಕದಲ್ಲಿ 2004ರಲ್ಲಿ 'ಇಎಸ್‌ಪಿಎನ್ ಎನ್ಎಫ್ಎಲ್ 2ಕೆ5' ಎಂಬ ಅಮೆರಿಕನ್ ಫುಟ್‌ಬಾಲ್ ಆಟ 20 ಡಾಲರ್ ಒಳಗಿನ ಬೆಲೆಗೆ ಮಾರುಕಟ್ಟೆಗೆ ಬಂತು. ಒಳ್ಳೆಯ ಆಟ, ವಿಮರ್ಶಕರೂ ಹೊಗಳಿದ್ದರು. 50 ಡಾಲರ್‌ಗೆ ಮಾರುತ್ತಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್‌ನ 'ಮ್ಯಾಡನ್' ಕೂಡ ಬೆಲೆಯನ್ನು 30 ಡಾಲರ್‌ಗೆ ಇಳಿಸಬೇಕಾಯಿತು. ಸ್ಪರ್ಧೆಯಿಂದ ಕೊಳ್ಳುವವನಿಗೆ ಆಗುವ ಲಾಭ ಎಂದರೆ ಇದೇ. ಅದೇ ವರ್ಷದ ಡಿಸೆಂಬರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎನ್ಎಫ್ಎಲ್ ಲೀಗಿನ ಜೊತೆ ಏಕಸ್ವಾಮ್ಯದ ಒಪ್ಪಂದ ಮಾಡಿಕೊಂಡಿತು. ಎದುರಾಳಿ ಸರಣಿಗೆ ನಿಜವಾದ ತಂಡಗಳೂ ಇಲ್ಲ, ಆಟಗಾರರ ಹೆಸರೂ ಇಲ್ಲ. ಮುಂದಿನ ವರ್ಷ ಮ್ಯಾಡನ್ ಬೆಲೆ ಮತ್ತೆ 50 ಡಾಲರ್. ಗ್ರಾಹಕರು ನ್ಯಾಯಾಲಯಕ್ಕೆ ಹೋದರು, 2012ರಲ್ಲಿ ಕಂಪನಿ 2.7 ಕೋಟಿ ಡಾಲರ್ ಕೊಟ್ಟು ರಾಜಿಗೆ ಒಪ್ಪಿತು. ಆದರೆ ಎನ್ಎಫ್ಎಲ್ ಹೆಸರಿನಲ್ಲಿ ಎರಡನೆಯ ಪೂರ್ಣ ಪ್ರಮಾಣದ ಆಟ ಮರಳಿ ಬರಲಿಲ್ಲ.

ನಮ್ಮಲ್ಲಿ ಹೆಚ್ಚು ಜನ ಕಂಡದ್ದು ಇನ್ನೊಂದು ಫುಟ್‌ಬಾಲನ್ನು. ಕೊನಾಮಿಯ 'ಪ್ರೊ ಎವಲ್ಯೂಷನ್ ಸಾಕರ್' ಮೈದಾನದ ಒಳಗೆ ಎಲೆಕ್ಟ್ರಾನಿಕ್ ಆರ್ಟ್ಸ್‌ನ 'ಫಿಫಾ' ಆಟಕ್ಕಿಂತ ಮೇಲು ಎಂದು ಹಲವು ವರ್ಷ ಆಟಗಾರರೂ ವಿಮರ್ಶಕರೂ ಒಪ್ಪಿದ್ದರು. ಆದರೆ ಇಂಗ್ಲಿಷ್ ಲೀಗಿನ ಲೈಸೆನ್ಸ್ ಫಿಫಾ ಆಟದ ಬಳಿ ಇತ್ತು. ಹಾಗಾಗಿ ಕೊನಾಮಿಯ ಆಟದಲ್ಲಿ ಚೆಲ್ಸಿ 'ಲಂಡನ್ ಎಫ್‌ಸಿ' ಆಗುತ್ತಿತ್ತು, ಮ್ಯಾಂಚೆಸ್ಟರ್ ಯುನೈಟೆಡ್ 'ಮ್ಯಾನ್ ರೆಡ್' ಆಗುತ್ತಿತ್ತು. ಈ ಆಟ ಇಟ್ಟುಕೊಂಡವರಿಗೆ ಎಡಿಟ್ ಮೋಡ್ ನೆನಪಿರುತ್ತದೆ. ಪರದೆಯ ಮೇಲೊಂದು ಅಕ್ಷರಗಳ ಪಟ್ಟಿ. ಕಂಟ್ರೋಲರ್‌ನ ಬಾಣದ ಗುಂಡಿ ಒತ್ತಿ ಒಂದೊಂದೇ ಅಕ್ಷರಕ್ಕೆ ಹೋಗಬೇಕು, ಆರಿಸಬೇಕು, ಮುಂದಿನ ಅಕ್ಷರಕ್ಕೆ ಹೋಗಬೇಕು. ಹೀಗೆ ತಂಡದ ಹೆಸರು, ಆಮೇಲೆ ಜೆರ್ಸಿಯ ಬಣ್ಣ, ಆಮೇಲೆ ಲಾಂಛನವನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸುವುದು. ಶನಿವಾರದ ಮಧ್ಯಾಹ್ನಗಳು ಇದರಲ್ಲೇ ಕಳೆದುಹೋಗುತ್ತಿದ್ದವು. ಅಷ್ಟು ತಾಳ್ಮೆ ಇಲ್ಲದವರು ಏನು ಮಾಡಿದರು? ಸರಿಯಾದ ಹೆಸರಿದ್ದ ಡಬ್ಬ ಕೊಂಡರು. ಫಿಫಾ ಆಟ ಮುಂದೆ ನಿಜವಾಗಿಯೂ ಸುಧಾರಿಸಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸುಧಾರಿಸುವ ಮೊದಲೂ ಅದು ಮಾರಾಟದಲ್ಲಿ ಬಲವಾಗಿಯೇ ಇತ್ತು.

ಬಾಣ ತಿರುಗಿದ್ದೂ ಉಂಟು. 2019ರಲ್ಲಿ ಕೊನಾಮಿ ಯುವೆಂಟಸ್ ಕ್ಲಬ್ಬಿನ ಹಕ್ಕನ್ನು ತನಗೊಂದೇ ಎಂದು ಬರೆಸಿಕೊಂಡಿತು, ಫಿಫಾ 20ರಲ್ಲಿ ಆ ಕ್ಲಬ್ 'ಪಿಯೆಮೊಂಟೆ ಕಾಲ್ಚೊ' ಎಂಬ ಹೆಸರಿನಲ್ಲಿ ಆಡಬೇಕಾಯಿತು. ಎರಡೂ ಕಂಪನಿಗಳ ಆಟ ಕೊಂಡವರಿಗೆ ಇದರಿಂದ ಬಂದ ಲಾಭ ಏನು, ಹೇಳಿ. ಯಾರ ಕಾಲಿನಲ್ಲಿ ಚೆಂಡು ಚೆನ್ನಾಗಿ ಓಡುತ್ತದೆ ಎಂಬ ಪೈಪೋಟಿ ಹೋಗಿ, ಯಾರ ವಕೀಲರು ಮೊದಲು ಸಹಿ ಹಾಕಿಸುತ್ತಾರೆ ಎಂಬ ಪೈಪೋಟಿ ಬಂತು. ಮುಂದೆ ಎಲೆಕ್ಟ್ರಾನಿಕ್ ಆರ್ಟ್ಸ್ ಮತ್ತು ಫಿಫಾ ಸಂಸ್ಥೆಗಳೇ ಹೆಸರಿನ ವಿಷಯಕ್ಕೆ ಬೇರಾದವು. 1993ರಿಂದ ನಡೆದುಬಂದ ಸರಣಿ 2023ರ ಸೆಪ್ಟೆಂಬರಿನಲ್ಲಿ 'ಇಎ ಸ್ಪೋರ್ಟ್ಸ್ ಎಫ್‌ಸಿ 24' ಆಗಿ ಬಂತು. ಅದೇ ಕ್ಲಬ್ಬುಗಳು, ಅದೇ ಆಟಗಾರರು. ಮೂವತ್ತು ವರ್ಷ ಡಬ್ಬದ ಮೇಲಿದ್ದ ಹೆಸರು ತೆಗೆದರೂ ಒಳಗಿನ ಆಟಕ್ಕೆ ಏನೂ ಆಗಲಿಲ್ಲ.

ಕ್ರಿಕೆಟ್‌ನ ಕಥೆ ನನಗೆ ಇನ್ನೂ ಹತ್ತಿರದ್ದು. 2006ರ ಕೊನೆಗೆ ಬಂದ 'ಇಎ ಸ್ಪೋರ್ಟ್ಸ್ ಕ್ರಿಕೆಟ್ 07' ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ, ಹಾಸ್ಟೆಲ್ ಕೋಣೆಗಳಲ್ಲಿ ವರ್ಷಾನುಗಟ್ಟಲೆ ಓಡಿದ ಆಟ. ಅದನ್ನು ಆ್ಯಶಸ್ ಸರಣಿಯ ಸುತ್ತ ಕಟ್ಟಲಾಗಿತ್ತು, ಪೂರ್ತಿ ಲೈಸೆನ್ಸ್ ಇದ್ದದ್ದು ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ತಂಡಗಳಿಗೆ ಮಾತ್ರ. ಭಾರತ ತಂಡದ ನಾಯಕ ಆಗ ನಮ್ಮ ರಾಹುಲ್ ದ್ರಾವಿಡ್. ಆಟ ತೆರೆದರೆ ನಮ್ಮ ತಂಡದವರ ಹೆಸರು ಸರಿಯಿಲ್ಲ. ಈ ಆಟವನ್ನು ಜಗತ್ತಿನಲ್ಲೇ ಅತಿ ಪ್ರೀತಿಯಿಂದ ಆಡಿದ ದೇಶದ ಹುಡುಗರಿಗೆ ಸಿಕ್ಕ ಮರ್ಯಾದೆ ಅದು. ಅವರು ಸುಮ್ಮನೆ ಕೂರಲಿಲ್ಲ. ಯಾರೋ ಕೂತು ಸರಿಯಾದ ಹೆಸರುಗಳ ರೋಸ್ಟರ್ ಫೈಲ್ ಮಾಡಿದರು, ಇನ್ಯಾರೋ ಅದನ್ನು ಪೆನ್‌ಡ್ರೈವಿನಲ್ಲಿ ತಂದರು, 'ಮೈ ಡಾಕ್ಯುಮೆಂಟ್ಸ್' ಒಳಗಿನ ಫೋಲ್ಡರಿಗೆ ಹಾಕಿ ಆಟದೊಳಗೆ ಲೋಡ್ ಮಾಡಿದರೆ ದ್ರಾವಿಡ್ ದ್ರಾವಿಡ್ ಆಗಿಯೇ ಕ್ರೀಸಿಗೆ ಬರುತ್ತಿದ್ದರು. ಐಪಿಎಲ್ ಶುರುವಾದದ್ದು 2008ರಲ್ಲಿ. ಅದಕ್ಕೂ ಮೊದಲು ಬಂದ ಈ ಆಟಕ್ಕೆ ಹುಡುಗರೇ ಐಪಿಎಲ್ ಜೆರ್ಸಿಗಳನ್ನು ತೊಡಿಸಿದರು. ಪಿಸಿ ಮತ್ತು ಕನ್ಸೋಲಿಗೆ ಎಲೆಕ್ಟ್ರಾನಿಕ್ ಆರ್ಟ್ಸ್ ಆಮೇಲೆ ಕ್ರಿಕೆಟ್ ಆಟವನ್ನೇ ತರಲಿಲ್ಲ. ಆ ಆಟವನ್ನು ಉಸಿರಾಡಿಸಿದವರು ಒಂದು ಕಾಸೂ ಪಡೆಯದ ಅಭಿಮಾನಿಗಳು.

2021ರಲ್ಲಿ ಬಿಗ್ ಆ್ಯಂಟ್ ಸಂಸ್ಥೆಯ 'ಕ್ರಿಕೆಟ್ 22' ಬಂದಾಗಲೂ ಭಾರತ ತಂಡಕ್ಕೆ ಲೈಸೆನ್ಸ್ ಇರಲಿಲ್ಲ. ಆ ಆಟದ ರಕ್ಷಾಪುಟದಲ್ಲಿ ಆಸ್ಟ್ರೇಲಿಯಾದ ನಾಯಕ ಟಿಮ್ ಪೇನ್ ಇದ್ದರು. ಬಿಡುಗಡೆಗೆ ಕೆಲವೇ ದಿನ ಇರುವಾಗ ಅವರು ನಾಯಕತ್ವ ಬಿಟ್ಟರು, ಮುಖ ಬದಲಿಸಲು ಬಿಡುಗಡೆಯನ್ನೇ ಒಂದು ವಾರ ಮುಂದಕ್ಕೆ ಹಾಕಲಾಯಿತು. ಡಬ್ಬದ ಮೇಲಿನ ಮುಖ ನಿಮಗೆ ಎಷ್ಟು ಮುಖ್ಯ ಎಂದು ತಿಳಿಯಲು ಇದೊಂದೇ ಸಾಕು.

ಇನ್ನು ಜಾಹೀರಾತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವು ಮೈಕ್ರೊಸಾಫ್ಟ್ ಮತ್ತು ಆಕ್ಟಿವಿಷನ್ ವಿಲೀನದ ತನಿಖೆ ನಡೆಸಿ 2023ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಹೆಸರು ಹೇಳದ ಒಂದು ಸಂಸ್ಥೆಯ ಲೆಕ್ಕವಿದೆ. ಒಂದು ಸರಣಿಯ ತಯಾರಿಕೆಗೆ 66 ಕೋಟಿ ಡಾಲರ್, ಅದರ ಪ್ರಚಾರಕ್ಕೆ ಸುಮಾರು 55 ಕೋಟಿ ಡಾಲರ್. ಆಟ ಕಟ್ಟಲು ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಹಣ ಅದನ್ನು ನಮ್ಮ ಕಣ್ಣಿಗೆ ಬೀಳಿಸಲು. ಒಂದು ದೊಡ್ಡ ಆಟದ ಡಿಸ್ಕಿಗೆ ನಮ್ಮಲ್ಲಿ ನಾಲ್ಕೈದು ಸಾವಿರ ರೂಪಾಯಿ ಕೊಡುವ ಹುಡುಗ ಅದರಲ್ಲಿ ಹೋರ್ಡಿಂಗ್‌ಗೆ ಎಷ್ಟು, ಟ್ರೇಲರ್‌ಗೆ ಎಷ್ಟು ಕೊಡುತ್ತಿದ್ದಾನೆ ಎಂದು ಯಾವ ರಸೀದಿಯಲ್ಲೂ ಬರೆದಿರುವುದಿಲ್ಲ.

ಜಾಹೀರಾತು ಜಾಹೀರಾತಿನಂತೆ ಕಂಡರೆ ನಾವು ಎಚ್ಚರವಾಗಿರುತ್ತೇವೆ. ಸ್ನೇಹಿತನ ಮಾತಿನಂತೆ ಬಂದರೆ? 2014ರಲ್ಲಿ ವಾರ್ನರ್ ಬ್ರದರ್ಸ್ 'ಶ್ಯಾಡೋ ಆಫ್ ಮೊರ್ಡೊರ್' ಆಟವನ್ನು ಬಿಡುಗಡೆ ಮಾಡಿತು. ಟೋಲ್ಕಿನ್ ಅವರ ಕಥಾಲೋಕದ ಲೈಸೆನ್ಸ್ ಇದ್ದ ಆಟ. ಅದಕ್ಕಾಗಿ ಯೂಟ್ಯೂಬರ್‌ಗಳಿಗೆ ನೂರಾರು ಡಾಲರ್‌ನಿಂದ ಹತ್ತಾರು ಸಾವಿರ ಡಾಲರ್‌ವರೆಗೆ ಹಣ ಸಂದಾಯವಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಈ ಪ್ರಕರಣವನ್ನು ಬಯಲಿಗೆಳೆದಾಗ ಒಪ್ಪಂದದ ಷರತ್ತುಗಳು ಹೊರಬಂದವು. ಆಟವನ್ನು ಹೊಗಳಬೇಕು. ಅದರ ದೋಷಗಳನ್ನು ತೋರಿಸಕೂಡದು. ಹಣ ಪಡೆದ ವಿಷಯವನ್ನು ವಿಡಿಯೊದ ಕೆಳಗಿನ ವಿವರಣೆಯಲ್ಲಿ ಬರೆಯಬೇಕು, 'ಶೋ ಮೋರ್' ಒತ್ತಿದರೆ ಮಾತ್ರ ಕಾಣುವಷ್ಟು ಕೆಳಗೆ. ಆ ವಿಡಿಯೊಗಳನ್ನು 55 ಲಕ್ಷಕ್ಕೂ ಹೆಚ್ಚು ಬಾರಿ ನೋಡಲಾಗಿತ್ತು, ಯೂಟ್ಯೂಬರ್ ಪ್ಯೂಡಿಪೈ ಅವರ ಒಂದು ವಿಡಿಯೊವೇ 37 ಲಕ್ಷ ದಾಟಿತ್ತು. ನನ್ನನ್ನು ಹೆಚ್ಚು ನೋಯಿಸುವುದು ಬೇರೆಯೇ ಸಂಗತಿ. ಆ ಆಟ ನಿಜಕ್ಕೂ ಚೆನ್ನಾಗಿತ್ತು. ಶತ್ರುಗಳು ನಮ್ಮನ್ನು ನೆನಪಿಟ್ಟುಕೊಂಡು ಮತ್ತೆ ಬಂದು ಸೇಡು ತೀರಿಸಿಕೊಳ್ಳುವ ಅದರ ವ್ಯವಸ್ಥೆಯನ್ನು ಇಂದಿಗೂ ಜನ ನೆನೆಯುತ್ತಾರೆ. ತನ್ನ ಗುಣದ ಮೇಲೆಯೇ ನಿಲ್ಲಬಲ್ಲ ಆಟಕ್ಕೂ ನೀವು ಕೊಂಡ ಹೊಗಳಿಕೆಯ ಊರುಗೋಲು ಕೊಟ್ಟಿರಿ. ಕಟ್ಟಿದವರ ಮೇಲೆ ನಿಮಗೆ ನಂಬಿಕೆ ಇರಲಿಲ್ಲವೇ?

ಗುಣ ಕೈಕೊಟ್ಟಾಗ ಏನಾಗುತ್ತದೆ ಎಂಬುದನ್ನು 'ಸೈಬರ್‌ಪಂಕ್ 2077' ತೋರಿಸಿತು. 2019ರಲ್ಲಿ ನಟ ಕೀಯಾನು ರೀವ್ಸ್ ಅವರನ್ನು ವೇದಿಕೆಗೆ ತಂದು ಘೋಷಣೆ, ವರ್ಷಗಟ್ಟಲೆ ಟ್ರೇಲರ್‌ಗಳು, ಬಿಡುಗಡೆಗೆ ಮುನ್ನವೇ 80 ಲಕ್ಷ ಮುಂಗಡ ಖರೀದಿ. ವಿಮರ್ಶಕರಿಗೆ ಮೊದಲು ಕೊಟ್ಟದ್ದು ಪಿಸಿ ಆವೃತ್ತಿ ಮಾತ್ರ. ಹಳೆಯ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇಟ್ಟುಕೊಂಡಿದ್ದ ಕೋಟ್ಯಂತರ ಜನರ ಯಂತ್ರದಲ್ಲಿ ಆಟ ಹೇಗೆ ಓಡುತ್ತದೆ ಎಂದು ಅವರ ಹಣ ಸೇರುವ ತನಕ ಯಾರೂ ತೋರಿಸಲಿಲ್ಲ. 2020ರ ಡಿಸೆಂಬರ್ 10ರಂದು ಬಿಡುಗಡೆ. ಎರಡನೆಯ ವಾರ ಮುಗಿಯುವ ಮೊದಲೇ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಆಟವನ್ನು ತೆಗೆದು, ಹಣ ಹಿಂದಿರುಗಿಸುವುದಾಗಿ ಹೇಳಬೇಕಾಯಿತು. ಮರಳಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. ಕಟ್ಟಿದವರು ವರ್ಷಗಟ್ಟಲೆ ದುಡಿದು ಆಟವನ್ನು ಸರಿಪಡಿಸಿದರು, ಇಂದು ಅದು ಒಳ್ಳೆಯ ಆಟ. ಆದರೆ ಮೊದಲ ದಿನ ಕೊಂಡವರು ನಂಬಿ ಕೊಂಡವರು. ಅವರೇ ಮೊದಲು ಪೆಟ್ಟು ತಿಂದರು.

ಮಕ್ಕಳ ವಿಷಯವನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತೇನೆ, ಹೆಚ್ಚು ಬರೆದರೆ ಕೋಪ ಬರುತ್ತದೆ. ಆಟ ಉಚಿತ, ಆದರೆ ಅದರೊಳಗೆ ಹಣಕ್ಕೆ ಸಿಗುವುದು ಮಾರ್ವೆಲ್ ವೀರನ ವೇಷ, ಸ್ಟಾರ್ ವಾರ್ಸ್ ಕತ್ತಿ. ಮನೆಮನೆಯಲ್ಲಿ ಮಕ್ಕಳು 'ಯುಸಿ (ಮೊಬೈಲ್ ಆಟದೊಳಗಿನ ನಾಣ್ಯ) ಹಾಕಿಸು' ಎಂದು ಪೀಡಿಸುವುದು ಇದರದ್ದೇ ನಮ್ಮ ಊರಿನ ರೂಪ. 'ಫೋರ್ಟ್‌ನೈಟ್' ಆಟದ ಒಡೆಯರಾದ ಎಪಿಕ್ ಗೇಮ್ಸ್ 2022ರಲ್ಲಿ ಅಮೆರಿಕದಲ್ಲಿ 52 ಕೋಟಿ ಡಾಲರ್ ತೆರಲು ಒಪ್ಪಿತು. ಅದರಲ್ಲಿ 24.5 ಕೋಟಿ, ಬೇಡದ ಖರೀದಿಗೆ ಬೆರಳು ಜಾರುವಂತೆ ಗುಂಡಿಗಳನ್ನು ಜೋಡಿಸಿದ್ದಕ್ಕೆ.

ಕೊಂಡ ಮೇಲಾದರೂ ಆಟ ನಮ್ಮದೇ? ಅದೂ ಅಲ್ಲ. 2010ರ 'ಅಲನ್ ವೇಕ್' ಆಟವನ್ನು 2017ರಲ್ಲಿ ಅಂಗಡಿಗಳಿಂದ ತೆಗೆದರು, ಅದರಲ್ಲಿದ್ದ ಹಾಡುಗಳ ಲೈಸೆನ್ಸ್ ಮುಗಿದಿತ್ತು. ಹಕ್ಕು ನವೀಕರಿಸಿದ ಮೇಲೆ ಮರುವರ್ಷ ಮರಳಿ ಬಂತು. 'ಫೋರ್ಜಾ ಹೊರೈಜನ್ 4' 2024ರ ಡಿಸೆಂಬರ್ 15ರಂದು ಮಾರಾಟದಿಂದ ಹೋಯಿತು, ಅದಕ್ಕೂ ಕಾರಣ ಲೈಸೆನ್ಸ್‌ಗಳ ಅವಧಿ. ಫೋರ್ಜಾ ಸರಣಿಗೆ ಕಲೆಯ ಕೆಲಸ ಮಾಡಿದವರಲ್ಲಿ ಬೆಂಗಳೂರಿನ ಧ್ರುವ ಇಂಟರಾಕ್ಟಿವ್‌ನವರೂ ಇದ್ದರು. 1997ರಲ್ಲಿ ಶುರುವಾದ ಆ ಸಂಸ್ಥೆ ನಮ್ಮ ದೇಶದ ಮೊದಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. ಹೀಗೆ ಹಲವು ಊರುಗಳ ಕೈಗಳು ಗೆರೆಗೆರೆಯಾಗಿ ತಿದ್ದಿ ಮಾಡಿದ ಆಟ ಕಾಗದದ ಮೇಲಿನ ಒಂದು ದಿನಾಂಕಕ್ಕೆ ಅಂಗಡಿಯಿಂದ ಮಾಯವಾಗುತ್ತದೆ. ಯೂಬಿಸಾಫ್ಟ್‌ನ 'ದಿ ಕ್ರೂ' ಇನ್ನೂ ಕೆಟ್ಟದಾಗಿ ಹೋಯಿತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು, ಹಣ ಕೊಟ್ಟು ಕೊಂಡವರಿಗೂ ಅದು ತೆರೆಯದಂತಾಯಿತು. ಕಂಪನಿ ಕೊಟ್ಟ ಕಾರಣಗಳಲ್ಲಿ ಲೈಸೆನ್ಸ್ ಕೂಡ ಒಂದು. ಇಂಥ ಕಾರಣಕ್ಕೇ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಒಂದು ಕಾನೂನು ತಂದಿತು. ಕೊಡುತ್ತಿರುವುದು ಬರೀ ಲೈಸೆನ್ಸ್ ಆಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ 'ಬೈ' ಎಂದು ಗುಂಡಿಯ ಮೇಲೆ ಬರೆಯುವಂತಿಲ್ಲ.

ನಾನು ಕೇಳುವುದು ಹೆಚ್ಚೇನಲ್ಲ. ಔಷಧದ ಪಟ್ಟಿಯ ಮೇಲೆ ಅವಧಿ ಮುಗಿಯುವ ತಾರೀಖು ಇರುವಂತೆ ಆಟದ ಡಬ್ಬದ ಮೇಲೂ, ಖರೀದಿಯ ಪುಟದಲ್ಲೂ ಲೈಸೆನ್ಸ್ ಯಾವಾಗ ಮುಗಿಯುತ್ತದೆ ಎಂದು ಬರೆಯಿರಿ. ನಿಮ್ಮ ಒಪ್ಪಂದದಲ್ಲಿ ಆ ದಿನಾಂಕ ಇದ್ದೇ ಇರುತ್ತದೆ, ನಮ್ಮಿಂದ ಯಾಕೆ ಮುಚ್ಚಿಡುತ್ತೀರಿ? ವಿಮರ್ಶೆ ಬರುವ ಮೊದಲು ಮುಂಗಡ ಹಣ ಪಡೆಯಬೇಡಿ. ನಮ್ಮ ಮನೆಯಲ್ಲಿರುವ ಯಂತ್ರದಲ್ಲಿ ಆಟ ಹೇಗೆ ಓಡುತ್ತದೆಯೋ ಅದನ್ನೇ ತೋರಿಸಿ. ಲೀಗಿನ ಹೆಸರು ಕೊಳ್ಳಿ, ಇನ್ನೊಬ್ಬರಿಗೂ ಅದು ಸಿಗಲಿ.

ಕನ್ನಡದಲ್ಲಿ ಗೇಮಿಂಗ್ ಚಾನೆಲ್ ನಡೆಸುವ ತಮ್ಮಂದಿರೇ, ತಂಗಿಯರೇ, ನಿಮಗೂ ಒಂದು ಮಾತು. ಹಣ ಪಡೆದು ಹೊಗಳಿದರೆ ಅದನ್ನು ಎದ್ದು ಕಾಣುವಂತೆ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. ತಪ್ಪಿದರೆ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ದಂಡದ ಭಯಕ್ಕೆ ಬೇಡ, ನಿಮ್ಮನ್ನು ನಂಬಿ ನೋಡುವ ಹುಡುಗರಿಗಾಗಿ ಮೊದಲ ವಾಕ್ಯದಲ್ಲೇ, ಕನ್ನಡದಲ್ಲೇ, ಬಾಯಿಬಿಟ್ಟು ಹೇಳಿ.

ಮತ್ತೆ ಈ ಪತ್ರ ಓದುತ್ತಿರುವ ಎಲ್ಲರಿಗೂ: ಬಿಡುಗಡೆಯ ದಿನ ಕೊಳ್ಳಬೇಡಿ. ಎರಡು ವಾರ ಕಾಯಿರಿ, ನಿಮ್ಮದೇ ಯಂತ್ರದಲ್ಲಿ ಆಡಿದ, ಯಾರಿಂದಲೂ ಹಣ ಪಡೆಯದ ಒಬ್ಬರ ಮಾತು ಕೇಳಿ, ಆಮೇಲೆ ಕೈಯನ್ನು ಜೇಬಿಗೆ ಹಾಕಿ.

ಇತಿ,
ನಿಮ್ಮ ಆಟಗಳನ್ನು ಕೊಂಡು ಆಡುವ ಒಬ್ಬ ಗ್ರಾಹಕ